ಈ ತೊಟ್ಟಿಯಲ್ಲಿ ಯಾರೂ ಮುಳುಗಿಲ್ಲ

ಜನವರಿ 17, ಬೆಳಿಗ್ಗೆ

ಇವತ್ತೂ ಬಂದರು. ಹದಿನೈದಿಪ್ಪತ್ತು ಜನ. ಟೋಪಿ, ನೀರಿನ ಬಾಟಲಿ, ಕೊರಳಿಗೆ ಕ್ಯಾಮೆರಾ. ಗಾಳಿಪಟದ ಹಬ್ಬ ಅಂತ ಎರಡು ದಿನ ಪೀಡೆ ತಪ್ಪಿತ್ತು — ಮತ್ತೆ ಶುರು.

ನಾನು ಜಗಲಿಯ ಮೇಲೆ, ಎಂದಿನಂತೆ. ಮಡಿಲಲ್ಲಿ ಯಾರದೋ ಮದುವೆ ಸೀರೆ, ಫಾಲ್ ಅರ್ಧ ಹೊಲಿದಾಗಿದೆ. ಅವರ ಪಾಲಿಗೆ ನಾನೂ ಕಂಬದ ಮೇಲಿನ ಕೆತ್ತನೆ. ಒಬ್ಬಳು ಕೇಳದೆ ಫೋಟೊ ತೆಗೆದಳು. ನಾನೂ ಮೊಬೈಲ್ ಎತ್ತಿ ಅವಳದೊಂದು ತೆಗೆದೆ. ಮುಖ ಸಿಂಡರಿಸಿದಳು. ಆಗಬೇಕಾದ್ದೇ.

ಆಮೇಲೆ ಮೌಲಿಕ್ ಬಾಯಿ ಬಿಟ್ಟ. ಗೈಡ್ ಮೌಲಿಕ್. ಹಳೇ ಅಹಮದಾಬಾದ್ ತೋರಿಸುತ್ತ ಜಾಮಾ ಮಸೀದಿಯ ತನಕ ಕರೆದೊಯ್ಯುವುದು ಅವನ ಕೆಲಸ. ದಾರಿಯಲ್ಲಿ ನಮ್ಮ ಗಲ್ಲಿ, ಮೋಗ್ರಾ ಪೋಳ್. ಗಲ್ಲಿಯಲ್ಲಿ ನಮ್ಮ ಮನೆ. ಇಲ್ಲಿಗೆ ಬಂದೊಡನೆ ದನಿ ತಗ್ಗಿಸುತ್ತಾನೆ, ಕಣ್ಣು ಅಗಲಿಸುತ್ತಾನೆ. ಈ ಮನೆಯ ಒಳಂಗಳದ ಚೌಕದ ಕೆಳಗೆ ಮಳೆನೀರಿನ ತೊಟ್ಟಿ ಇದೆ, ಎರಡಾಳು ಆಳ. ಐವತ್ತು ವರ್ಷದ ಹಿಂದೆ ಈ ಮನೆಯ ಮಗಳು ಅದಕ್ಕೆ ಬಿದ್ದು ಸತ್ತಳು. ಇಂದಿಗೂ ಹುಣ್ಣಿಮೆಯ ದಿನ ಗೆಜ್ಜೆ ಸದ್ದು...

ಗೆಜ್ಜೆಯಂತೆ! ಇಲಿ ಓಡಾಡುವ ಸದ್ದು ಬಿಟ್ಟರೆ ಬೇರೇನೂ ಕೇಳಿದವಳಲ್ಲ ನಾನು.

ಆ ಮಗಳು ನನ್ನ ಫೋಯ್. ನನ್ನ ಅಪ್ಪ ಬಾಪುಜಿಯ ತಂಗಿ, ಜಸುಮತಿ. ನಾನು ನನ್ನ ತಾಯಿ ಬಾ ಹೊಟ್ಟೆಯಲ್ಲಿದ್ದಾಗಲೇ ಹೋದಳು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಫೋಯ್. ನನಗೆ ಅವಳಿಲ್ಲ ಅಂತ ದೂರದ ನೆಂಟಳೊಬ್ಬಳನ್ನು ಕರೆತಂದು ಹೇಳಿಸಿದರಂತೆ. ಎರವಲು ಫೋಯ್, ಎರವಲು ಹೆಸರು — ತರುಲತಾ. ನಲವತ್ತೆಂಟಾಯಿತು, ಇನ್ನೂ ಈ ಹೆಸರು ಇನ್ನೊಬ್ಬಳ ರವಿಕೆ ತೊಟ್ಟ ಹಾಗೆ ಎಲ್ಲೋ ಬಿಗಿ, ಎಲ್ಲೋ ಸಡಿಲ.

ಆ ತೊಟ್ಟಿಯ ನೀರು ಹುಟ್ಟಿದಾಗಿನಿಂದ ಒಂದು ಗುಟುಕು ಕುಡಿದಿಲ್ಲ. ಹೆದರಿಕೆ ಅಂತಲ್ಲ — ಸರಿ, ಹೆದರಿಕೆಯೇ. ಬಾ ಇದ್ದಷ್ಟು ದಿನ ಅವಳೂ ನಲ್ಲಿ ನೀರೇ ಕುಡಿದಳು. ಬಾಪುಜಿಗೆ ಮಾತ್ರ ತೊಟ್ಟಿಯ ನೀರೇ ಆಗಬೇಕು. ಎದ್ದೊಡನೆ ತಾಮ್ರದ ತಂಬಿಗೆಯಲ್ಲಿ ತಾವೇ ಸೇದಿಕೊಂಡು, ಒಂದೇ ಉಸಿರಿಗೆ. ಮಾತ್ರೆ ನುಂಗುವುದಕ್ಕೂ ಅದೇ. ನಲ್ಲಿ ನೀರಿಗೆ ಕಬ್ಬಿಣದ ವಾಸನೆಯಂತೆ. ತಂಗಿ ಸತ್ತ ನೀರು ಇವರಿಗೆ ಗಂಟಲಲ್ಲಿ ಹೇಗೆ ಇಳಿಯುತ್ತದೆ ಅಂತ ಚಿಕ್ಕಂದಿನಿಂದ ಯೋಚಿಸಿದ್ದೇನೆ. ಕೇಳಿಲ್ಲ. ಈ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿಲ್ಲ.

ಗೆಜ್ಜೆಯ ತನಕ ಕಥೆ ಬಂದಾಗ ನನಗೆ ಜಗಲಿ ತೊಳೆಯುವುದು ನೆನಪಾಯಿತು. ಒಂದು ಬಕೆಟ್ ಸುರಿದೆ. ಬೂಟುಗಳೆಲ್ಲ ಒದ್ದೆ.

ಜನವರಿ 18

ದೂರು ಬಂತು. ರಸಿಕ್ ಕಾಕಾ, ಪೋಳಿನ ಪಂಚಾಯಿತಿಯ ಯಜಮಾನ. ಬಂದವರೇ ಚೌಕದ ತೂಗುಮಣೆಯಲ್ಲಿ ಬಾಪುಜಿಯ ಪಕ್ಕ ಕೂತು ಶುರು. ಈ ಜನ ನೋಡಲು ಬರುವುದರಿಂದಲೇ ಗಲ್ಲಿಗೆ ದೀಪ ಬಂತು, ಚಪ್ಪಡಿ ಬಂತು, ಕಸದವನು ದಿನಾ ಬರುತ್ತಾನೆ. ನಿನ್ನ ಒಂದು ಬಕೆಟ್ಟಿನಿಂದ ಎಲ್ಲ ನೀರುಪಾಲು.

ನಿಮ್ಮ ಮನೆಯ ಮುಂದೆ ನಿಮ್ಮ ಸತ್ತವರ ಕಥೆ ಹೇಳಿದರೆ ಸುಮ್ಮನಿರುತ್ತೀರಾ ಎಂದೆ.

“ನಮ್ಮನೇಲಿ ಯಾರೂ ಬಿದ್ದಿಲ್ಲವಲ್ಲಮ್ಮ,” ಎಂದರು, ಅಡಿಕೆ ಕತ್ತರಿಸುತ್ತ.

ಮೈಯೆಲ್ಲ ಉರಿದುಹೋಯಿತು. ಬಾಪುಜಿ ಏನಾದರೂ ಹೇಳುತ್ತಾರೆ ಅಂತ ನೋಡಿದೆ. ಗೋಡೆಗೆ ಪಕ್ಕದವನು ಮೊಳೆ ಹೊಡೆದರೆ ಬೀದಿಗಿಳಿಯುವ ಮನುಷ್ಯ. ಕಾಲಿನಿಂದ ತೂಗುಮಣೆ ಒತ್ತುತ್ತ “ಹೇಳ್ಕೊಳ್ಳಲಿ ಬಿಡು” ಎಂದುಬಿಟ್ಟರು.

ಯಾಕೆ? ಅರ್ಥವಾಗಲಿಲ್ಲ.

ಜನವರಿ 28, ಭಾನುವಾರ, ಊಟದ ನಂತರ

ತಟ್ಟೆಗಳು ಹಾಗೇ ಬಿದ್ದಿವೆ, ಮೊದಲು ಬರೆಯಬೇಕು. 

ಬೆಳಿಗ್ಗೆಯ ಗುಂಪಿನಲ್ಲಿ ಒಬ್ಬ ಮುದುಕಿ ಇದ್ದಳು. ಮಾಸಲು ಹತ್ತಿ ಸೀರೆ, ಬಿಳಿ ಜಡೆ, ಜೊತೆಗೆ ಚಿತ್ರ ಬಿಡಿಸುವ ಪುಸ್ತಕ ಹಿಡಿದ ಕಾಲೇಜು ಹುಡುಗಿ. ಮೌಲಿಕ್ ಎಲ್ಲರನ್ನೂ ಆಚೆ ಗೋಡೆಗೆ ಒತ್ತಿ ನಿಲ್ಲಿಸಿದ್ದ — ಈ ಮೇಡಂ ನೀರು ಸುರಿಯುತ್ತಾರೆ, ಹುಷಾರು! ಆಮೇಲೆ ಉಪ್ಪರಿಗೆಯ ಕೆಳಗಿನ ಮರದ ಗಿಳಿಗಳನ್ನು ತೋರಿಸಿದ. ಒಂದಕ್ಕೆ ಕೊಕ್ಕಿಲ್ಲ. ಮರಾಠರ ಕಾಲದಲ್ಲಿ ಗುಂಡು ತಾಗಿ ಹಾರಿದ್ದು ಎಂದ.

ಮುದುಕಿ ನಕ್ಕಳು. “ಗುಂಡೂ ಇಲ್ಲ ಗಿಂಡೂ ಇಲ್ಲ ಮಗಾ. ಗಾಳಿಪಟದ ದಾರ ಸುತ್ತುವ ಉರುಟೆ ಬಿದ್ದು ಮುರಿದದ್ದು. ಮೇಲಿನ ಮಾಳಿಗೆಯಿಂದ.”

ಎಲ್ಲರೂ ನಕ್ಕರು, ನಾನೂ. ಮೌಲಿಕ್ ಮುಖ ಹುಳ್ಳಗೆ ಮಾಡಿಕೊಂಡು ತೊಟ್ಟಿಯ ಕಥೆಗೆ ಬಂದ. ಮುದುಕಿ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ — “ಹೆಣ ಯಾರು ಮೇಲೆತ್ತಿದರು?” ಅವನು ತಡವರಿಸಿದ. ಅವಳು ನನ್ನ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ಹೋದಳು.

ಊಟಕ್ಕೆ ಕೂತಾಗ ತಮಾಷೆಗೆಂದು ಬಾಪುಜಿಗೆ ಹೇಳಿದೆ. ಗಿಳಿ, ಉರುಟೆ, ಮುದುಕಿ. ದಾಲಿನೊಳಗೆ ಅದ್ದಿದ ಅವರ ಕೈ ಹಾಗೇ ನಿಂತಿತು. ಎಂಥ ಮುದುಕಿ ಎಂದರು. ಎಡಗೆನ್ನೆಯ ಮೇಲೆ ಮಚ್ಚೆ ಇತ್ತಾ ಎಂದರು. ಇತ್ತು. ಅವರು ತಟ್ಟೆ ಸರಿಸಿದರು. ನಾಳೆಯಿಂದ ಬೆಳಗಿನ ಹೊತ್ತು ಬಾಗಿಲು ಹಾಕಿಡು ಎಂದರು.

ಆಗ ಕೇಳಿದೆ. ಮುದುಕಿಯ ಪ್ರಶ್ನೆಯನ್ನೇ. ಹೆಣ ಯಾರು ಎತ್ತಿದರು ಬಾಪುಜಿ?

“ಅವಳ ಹೆಸರಲ್ಲಿ ಸ್ನಾನ ಮಾಡಿದೀವಿ. ಮನೆಮಂದಿಯೆಲ್ಲ. ಅಲ್ಲಿಗೆ ಮುಗೀತು.”

“ಸತ್ತಳು ಅಂತ ಸ್ನಾನ ಮಾಡಿದ್ರಾ, ಸ್ನಾನ ಮಾಡಿದ್ದಕ್ಕೆ ಸತ್ತಳಾ?”

 ಎದ್ದು ಒಳಗೆ ಹೋದರು.

ಅದೇ ಉತ್ತರ. ಫೋಯ್ ಸತ್ತಿಲ್ಲ, ಬೆಳಿಗ್ಗೆ ಬಂದಿದ್ದ ಮುದುಕಿ ಅವಳೇ. ನಮ್ಮಲ್ಲಿ ಹೀಗೂ ಉಂಟು. ಮನೆಯ ಮಾನ ಕಳೆದವರ ಹೆಸರಿನಲ್ಲಿ, ಅವರು ಬದುಕಿದ್ದಾಗಲೇ, ಸಾವಿನ ಸ್ನಾನ ಮಾಡಿ ಎಳ್ಳುನೀರು ಬಿಟ್ಟುಬಿಡುವುದು. ರಸಿಕ್ ಕಾಕಾ ತಮ್ಮ ಮಗನಿಗೆ ಮಾಡಿದ್ದಾರೆ. ಆ ಸತ್ತವನು ಮೊನ್ನೆ ತರಕಾರಿ ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡು ಸ್ಕೂಟರ್ ನಿಲ್ಲಿಸಿ ಮಾತಾಡಿಸಿದ.

ಮನೆಯವರೆಲ್ಲ ಒಂದೇ ದಿನ ಸಾವಿನ ಸ್ನಾನ ಮಾಡಿದ್ದು ಗಲ್ಲಿ ನೋಡಿತು. ಹುಡುಗಿ ಕಾಣಲಿಲ್ಲ. ಗಲ್ಲಿ ತಾನೇ ಕೂಡಿಸಿತು — ತೊಟ್ಟಿಗೆ ಬಿದ್ದಳು. ನಮ್ಮವರು ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಓಡಿಹೋದವಳಿಗಿಂತ ಮುಳುಗಿದವಳು ಮರ್ಯಾದಸ್ಥೆ. ನನ್ನನ್ನೂ ಅದನ್ನೇ ನಂಬಿಸಿ ಬೆಳೆಸಿದರು. ಥೂ.

ಫೆಬ್ರುವರಿ 3

ಮೌಲಿಕ್‌ನನ್ನು ಗಲ್ಲಿಯ ಬಾಗಿಲಲ್ಲೇ ಹಿಡಿದೆ. ಬಕೆಟ್ ಇದೆಯಾ ಅಂತ ಮೊದಲು ನನ್ನ ಕೈ ನೋಡಿದ. ಕಥೆ ನಾನು ಕಟ್ಟಿದ್ದಲ್ಲ ದೀದಿ, ರಸಿಕ್ ಕಾಕಾ ಹೇಳಿದ್ದು ಎಂದು ಗೋಗರೆದ. ಕಥೆ ಹಾಳಾಗಲಿ, ಮುದುಕಿಯ ಜೊತೆ ಬಂದಿದ್ದ ಹುಡುಗಿಯ ನಂಬರ್ ಕೊಡು ಎಂದೆ. ಕೊಟ್ಟ.

ಹುಡುಗಿಯ ಹೆಸರು ಉರ್ವಿ. ಫೋಯ್ ಮೊಮ್ಮಗಳು. ವಿಳಾಸ ಗೋಮತಿಪುರ, ಜೂಲತಾ ಮಿನಾರದ ಹತ್ತಿರ. ರೈಲ್ವೆ ಸ್ಟೇಷನ್ ಹಿಂದೆ! ಆಟೋದಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಂದುಬಿಡುತ್ತದೆ. ಸತ್ತವಳು ಇಷ್ಟು ಹತ್ತಿರ ಇದ್ದಳು. ನನಗೆ ಅಳುವೂ ಬಂತು, ಬಾಪುಜಿಯ ಮೇಲೆ ಹಲ್ಲು ಕಡಿಯುವಷ್ಟು ಕೋಪವೂ ಬಂತು.

ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಫೋಯ್ ನೆಲದಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿದಳು. “ಬಾ ಒಳಗೆ. ಬಕೆಟ್ ತಂದಿಲ್ಲ ತಾನೆ?”

ಅಷ್ಟೇ. ಐವತ್ತು ವರ್ಷಕ್ಕೆ ಅಷ್ಟೇ. ನಾನು ಬಾಗಿಲಲ್ಲೇ ಕೂತು ಅತ್ತೆ. ಅವಳು ಅಳಲಿಲ್ಲ, ತೊಗರಿಕಾಯಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಅಳುತ್ತಲೇ ಸುಲಿದೆ.

ಉರ್ವಿ ಕಾಲೇಜಿನವರ ಜೊತೆ ನಮ್ಮ ಗಲ್ಲಿ ನೋಡಿ ಬಂದು, ಮುಳುಗಿದ ಹುಡುಗಿಯ ಕಥೆಯನ್ನು ಅಜ್ಜಿಗೆ ಹೇಳಿದಳಂತೆ. ಕೊಕ್ಕಿಲ್ಲದ ಗಿಳಿ ಎಂದೊಡನೆ ಅಜ್ಜಿಗೆ ಗೊತ್ತಾಯಿತು. ಮುರಿದವಳೇ ಅವಳು. ನನ್ನನ್ನೂ ಕರ್ಕೊಂಡು ಹೋಗು, ನಾನು ಸತ್ತದ್ದು ಹೇಗೆ ಅಂತ ಕೇಳಬೇಕು ಎಂದು ಹಟ ಹಿಡಿದಳಂತೆ.

“ಚೆನ್ನಾಗಿ ಹೇಳ್ತಾನೆ ಕಣೆ ಹುಡುಗ. ನನಗೇ ಪಾಪ ಅನ್ನಿಸ್ತು.”

ಅದೇ ದಿನ, ಮಧ್ಯಾಹ್ನ

ಫೋಯ್ ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಆಗ ಮನೆಯ ಮುಂಭಾಗದಲ್ಲೇ ನಮ್ಮ ಹಿತ್ತಾಳೆ ಕೆಲಸದ ಅಂಗಡಿ. ಮಿಲ್ಲಿನ ಯಂತ್ರಗಳಿಗೆ ಹಿತ್ತಾಳೆಯ ಬಿಡಿಭಾಗ ಮಾಡಿಸಲು ಶಾಮಜಿ ಅಂತ ಒಬ್ಬ ಫಿಟ್ಟರ್ ಬರುತ್ತಿದ್ದ. ನೇಕಾರರ ಕೇರಿಯವನು, ನಮ್ಮ ಕಡೆ ಮುಟ್ಟಿಸಿಕೊಳ್ಳದ ಜಾತಿ. ಅವರು ಬಂದರೆ ಜಗಲಿಯ ಕೆಳಗೆ ನಿಲ್ಲಬೇಕು, ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯಬೇಕು. ಒಂದು ದಿನ ಉರಿಬಿಸಿಲು. ಅವನು ನೀರು ಕೇಳಿದ. ಮನೆಯಲ್ಲಿ ಗಂಡಸರಿರಲಿಲ್ಲ. ಫೋಯ್ ತೊಟ್ಟಿಯಿಂದ ಸೇದಿ ಬಾಪುಜಿಯ ತಾಮ್ರದ ತಂಬಿಗೆಯಲ್ಲಿ ತಂದಳು. ಕೈಗೇ ಕೊಟ್ಟಳು.

“ಪ್ರೀತಿ ಗೀತಿ ಏನೂ ಇರ್ಲಿಲ್ಲ ಆಗ. ಬಾಯಾರಿತ್ತು ಅವನಿಗೆ. ಕೊಟ್ಟೆ.”

ನನ್ನ ಅಜ್ಜಿ, ಫೋಯ್ ತಾಯಿ, ನೋಡಿದಳು. ಸಂಜೆಗೆ ರಂಪ. ಮರುದಿನ ಆಳುಗಳನ್ನು ಕರೆಸಿ ತೊಟ್ಟಿಯನ್ನು ಪೂರ್ತಿ ಬರಿದುಮಾಡಿಸಿದರು. ನಿಂತು ಮಾಡಿಸಿದವರು ಬಾಪುಜಿ. ಬೇಸಿಗೆಯ ಮೊದಲ ತಿಂಗಳು, ಮುಂದಿನ ಮಳೆಯ ತನಕ ಕುಡಿಯಬೇಕಾದ ನೀರು ಬೀದಿಯಲ್ಲಿ ಹರಿಯಿತು. ಪಕ್ಕದ ಮನೆಯವರು ಕೊಡ ಹಿಡಿದು ಓಡಿಬಂದರೆ ಅವರಿಗೂ ಕೊಡಲಿಲ್ಲ.

ಫೋಯ್ ಉಪ್ಪರಿಗೆಯಲ್ಲಿ ನಿಂತು ಆ ನೀರು ಹರಿಯುವುದನ್ನೇ ನೋಡಿದಳಂತೆ. ನೋಡ್ತಾ ನೋಡ್ತಾ ಮನಸ್ಸು ಕಲ್ಲಾಯಿತು ಎಂದಳು. ಅಷ್ಟು ನೀರು ಚೆಲ್ಲುವ ಮನೆಗಿಂತ ಒಂದು ತಂಬಿಗೆ ನೀರಿಗೆ ಕೈ ಮುಗಿದವನ ಮನೆ ವಾಸಿ. ವಾರ ಕಳೆದು ನನ್ನ ಬಾ ಸೀಮಂತ. ಅವಳ ಮಣಿಕಟ್ಟಿಗೆ ನಾದಿನಿ ದಾರ ಕಟ್ಟಬೇಕು, ಕಟ್ಟಿದಳು. ಮರುದಿನ ಬೆಳಿಗ್ಗೆ ಹಾಲು ತರುವ ಪಾತ್ರೆ ಹಿಡಿದು ಹೊರಟವಳು ನೇರ ಮಿಲ್ಲಿನ ಗೇಟಿಗೆ ಹೋಗಿ, ಶಾಮಜಿಯನ್ನು ಕರೆಸಿ, ನನ್ನ ಮದುವೆಯಾಗ್ತೀಯಾ ಎಂದು ಕೇಳಿದಳು.

ಅವನು ಮೊದಲು ಹೆದರಿ ಒಳಗೆ ಓಡಿಹೋದನಂತೆ! ಇದನ್ನು ಹೇಳಿ ಫೋಯ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶಾಮಜಿ — ಫೋಯ್ ಗಂಡ, ನನಗೆ ಫೂವಾ — ಹೋದ ವರ್ಷ ತೀರಿಹೋದರು. ಪ್ರೀತಿ ಮದುವೆಯಾದ ಮೇಲೆ ನಿಧಾನಕ್ಕೆ ಬಂತು, ಬಂದದ್ದು ಹೋಗಲೇ ಇಲ್ಲ ಎಂದಳು.

ನನ್ನ ಕಾಲದಲ್ಲಿ ನಾನು ಯಾವ ಗೇಟಿಗೂ ಹೋಗಲಿಲ್ಲ. ಹೋಗಲಿ ಅದು.

ಫೆಬ್ರುವರಿ 11

ಊರು ನೋಡಲು ಹೊರಟಿದ್ದೇವೆ, ಫೋಯ್, ಉರ್ವಿ, ನಾನು, ಮೂವರೂ! ಫೋಯ್‌ದೇ ಹಟ. ಬದುಕಿದ್ದಾಗ ಮಿಲ್ಲಿನ ಶಿಫ್ಟು, ಒಲೆ, ಮಕ್ಕಳು. ಏನೂ ನೋಡಲಿಲ್ಲ, ಸತ್ತ ಮೇಲಾದರೂ ನೋಡೋಣ ಎನ್ನುತ್ತಾಳೆ. ಹುಟ್ಟಿದ ಊರಿನಲ್ಲಿ ನಾನೂ ಎಷ್ಟು ನೋಡಿದ್ದೇನೆ? ಜಗಲಿಯ ಮೇಲೆ ಕೂತು, ನೋಡಲು ಬಂದವರನ್ನು ನೋಡಿದ್ದೇನೆ.

ಇವತ್ತು ಸೀದಿ ಸಯ್ಯದ್ ಮಸೀದಿಯ ಜಾಲಂಧ್ರ. ಕಲ್ಲಿನಲ್ಲಿ ಮರ, ಮರದ ಸುತ್ತ ಬಳ್ಳಿ. ಫೋಯ್ ರಸ್ತೆ ಬದಿಯ ಕಟಕಟೆ ಹಿಡಿದು ನಿಂತವಳು ಅಲ್ಲಾಡಲಿಲ್ಲ. ಕಲ್ಲನ್ನ ಯಾರೂ ಕೆತ್ತಿಲ್ಲ ಇಲ್ಲಿ, ನೇಯ್ದಿದ್ದಾರೆ ಎಂದಳು. ಒಬ್ಬ ಗೈಡ್ ಬಂದು ಅಮ್ಮಾ ಕಥೆ ಹೇಳಲಾ ಎಂದ. ಬೇಡಪ್ಪಾ, ನನ್ನದೇ ಒಂದು ಓಡ್ತಾ ಇದೆ ಎಂದಳು.

ಸೀರೆ ತಲುಪಿಸಲು ಹೋಗಿದ್ದೆ ಎಂದು ಬಾಪುಜಿಗೆ ಹೇಳಿದೆ. ಸುಳ್ಳು ಹೇಳಿದೆನೆಂದು ನನಗೇ ಕೋಪ. ಮುಂದಿನ ಸಲ ಹೇಳುವುದಿಲ್ಲ.

ಫೆಬ್ರುವರಿ 18

ತೀನ್ ದರವಾಜಾ ದಾಟಿ ಮಾಣೆಕ್ ಚೌಕ. ಊರು ಕಟ್ಟಿದ ದೊರೆಯ ಗೋರಿಯ ಒಳಕೋಣೆಗೆ ಹೆಂಗಸರು ಹೋಗುವಂತಿಲ್ಲ. ಹೊಸ್ತಿಲಾಚೆ ನಿಂತ ಫೋಯ್, “ಹೋಗಿ ಇಷ್ಟು ಕಾಲ ಆಯ್ತು, ಇನ್ನೂ ನಮ್ಮ ಹೆದರಿಕೆ ಬಿಟ್ಟಿಲ್ಲವಾ ಇವರಿಗೆ?” ಎಂದಳು. ಕಾವಲಿನ ಮುದುಕನಿಗೆ ನಗು ತಡೆಯಲಾಗಲಿಲ್ಲ.

ಎದುರಿಗೇ ರಾಣಿಯರ ಗೋರಿಗಳು. ಸುತ್ತ ಬಳೆ, ಲಂಗ, ಕನ್ನಡಿ ಹಚ್ಚಿದ ಕುಪ್ಪಸ, ಚೌಕಾಸಿಯ ಗದ್ದಲ. ಇದು ವಾಸಿ, ಇಲ್ಲಿ ಮಲಗಿದರೂ ಬೇಸರವಿಲ್ಲ ಎಂದಳು ಫೋಯ್. ನನಗೆ ಹಸಿರು ಬಳೆ ತೊಡಿಸಿದಳು. ಬಾಪುಜಿ ನೋಡಿ ಎಲ್ಲಿಯದು ಎಂದರು. ಫೋಯ್ ಕೊಡಿಸಿದಳು ಎಂದೆ.

ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ರಾತ್ರಿ ಊಟ ಮಾಡಲಿಲ್ಲ. ನಾನು ಮಾಡಿದೆ. ಎರಡು ರೊಟ್ಟಿ ಹೆಚ್ಚೇ.

ಫೆಬ್ರುವರಿ 25

ಸರ್ಖೇಜ್. ಒಣಗಿದ ಕೆರೆಯ ಮೆಟ್ಟಿಲ ಮೇಲೆ ಕೂತು ಥೇಪ್ಲಾ ತಿಂದೆವು. ಉರ್ವಿ ಚಿತ್ರ ಬಿಡಿಸುತ್ತಿದ್ದಳು. ಫೋಯ್ ಕಾಲು ಒತ್ತಿಕೊಳ್ಳುತ್ತ, ಊರೆಲ್ಲ ನೋಡಿದ ಹಾಗಾಯ್ತು, ಇನ್ನೊಂದು ಜಾಗ ಬಾಕಿ ಎಂದಳು.

ಯಾವುದು ಅಂತ ಕೇಳಬೇಕೇ?

“ಕೇಳಿಕೊಂಡು ಬರಲ್ಲ ನಾನು. ನನ್ನ ಪರವಾಗಿ ನೀನೂ ಬೇಡ್ಕೋಬೇಡ. ಒಂದು ಗುಟುಕು ಆ ನೀರು ಕುಡೀಬೇಕು, ಅಷ್ಟೇ. ನಮ್ಮನೆಯವರು ಸಾಯೋ ತನಕ ಹೇಳ್ತಿದ್ದರು — ಆ ತಂಬಿಗೆಗೆ ನಿನ್ನ ಇಡೀ ಬಳಗ ಹೋಯ್ತು, ಆದ್ರೆ ನೀರು ಮಾತ್ರ ಸಿಹಿ ಇತ್ತು ಅಂತ.”

ಕುಡಿಯುತ್ತಾಳೆ. ನಾನು ಕುಡಿಸುತ್ತೇನೆ.

ಮಾರ್ಚ್ 1

ಹೇಳಿದೆ. ಬೇಡಲಿಲ್ಲ, ಹೇಳಿದೆ. ಮುಂದಿನ ಭಾನುವಾರದ ಮರುವಾರ ಫೋಯ್ ಬರುತ್ತಾಳೆ.

ತೂಗುಮಣೆ ನಿಂತಿತು. “ಅವಳು ಆ ನೀರು ಮುಟ್ಟಿದರೆ ತೊಟ್ಟಿ ಬರಿದುಮಾಡಿಸ್ತೀನಿ. ಆವತ್ತು ಮಾಡಿಸಿದ ಹಾಗೇ.”

ಮಾಡಿಸಿ ಎಂದೆ. ಮಳೆಗಾಲದ ತನಕ ನಿಮಗೆ ಕುಡಿಯಲು ಏನಿರುತ್ತದೆ ಎಂದೂ ಕೇಳಿದೆ. ಎಂಬತ್ತರ ಮುಖ ಕೆಂಪಾಯಿತು. ನನ್ನ ಮನೆ, ನನ್ನ ನೀರು ಎಂದರು. ಆ ನೀರು ಆಕಾಶದಿಂದ ಬಿದ್ದದ್ದು, ನಿಮ್ಮ ಅಂಗಡಿಯಲ್ಲಿ ಮಾಡಿದ್ದಲ್ಲ ಎಂದೆ.

ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲು.  ಹಾಯೆನಿಸುತ್ತಿದೆ.

ಮಾರ್ಚ್ 10, ಭಾನುವಾರ, ಹನ್ನೊಂದು ಗಂಟೆ

ಆಯಿತು.

ಫೋಯ್ ಒಬ್ಬಳೇ ಬರಲು ಒಪ್ಪಲಿಲ್ಲ. ಕದ್ದು ಹೋದವಳು ಕದ್ದು ಬರಲ್ಲ, ಜನರ ಮುಂದೆಯೇ ಬರ್ತೀನಿ ಎಂದಳು. ಮೌಲಿಕ್‌ನ ಗುಂಪಿನ ಜೊತೆ ಟಿಕೆಟ್ ತೆಗೆದುಕೊಂಡು ಬಂದಳು, ಉರ್ವಿಯ ಕೈ ಹಿಡಿದು. ಮೌಲಿಕ್ ನಿನ್ನೆಯೇ ಕೇಳಿದ್ದ — ದೀದಿ, ನಾನೇನು ಹೇಳಲಿ? ನೀನು ಬಾಯಿಗೆ ಬೀಗ ಹಾಕು, ನಾನು ಹೇಳ್ತೀನಿ ಎಂದಿದ್ದೆ.

ಜಗಲಿಯ ಮೇಲೆ ನಿಂತೆ. ರಸಿಕ್ ಕಾಕಾ ಎದುರು ಮನೆಯ ಮೆಟ್ಟಿಲಲ್ಲಿ ಹಲ್ಲುಜ್ಜುತ್ತಿದ್ದರು. ಅವರಿಗೂ ಕೇಳಲಿ ಎಂದು ಗಟ್ಟಿಯಾಗಿ ಶುರುಮಾಡಿದೆ. ಈ ಮನೆಯ ತೊಟ್ಟಿಯಲ್ಲಿ ಯಾರೂ ಮುಳುಗಿಲ್ಲ. ಒಬ್ಬ ನೇಕಾರರ ಮನುಷ್ಯನಿಗೆ ಈ ಮನೆಯ ಮಗಳು ಕುಡಿಯಲು ನೀರು ಕೊಟ್ಟಳು. ಅದಕ್ಕೆ ತೊಟ್ಟಿಯ ನೀರೆಲ್ಲ ಬೀದಿಗೆ ಚೆಲ್ಲಿದರು, ಅವಳು ಮನೆ ಬಿಟ್ಟಳು, ಬದುಕಿದ್ದವಳ ಹೆಸರಿನಲ್ಲಿ ಸಾವಿನ ಸ್ನಾನ ಮಾಡಿದರು. ಅವಳು ಇಲ್ಲೇ ನಿಮ್ಮ ಜೊತೆ ನಿಂತಿದ್ದಾಳೆ. ನನ್ನ ಫೋಯ್.

ಗುಂಪು ಅತ್ತಿತ್ತ ನೋಡಿತು. ಪಕ್ಕದಲ್ಲಿದ್ದವರು ತಾವಾಗಿಯೇ ಸರಿದು ದಾರಿ ಬಿಟ್ಟರು. ರಸಿಕ್ ಕಾಕಾ ಬಾಯಿ ತುಂಬ ನೊರೆ, ಉಗುಳಲೂ ಇಲ್ಲ, ನುಂಗಲೂ ಇಲ್ಲ. ಫೋಯ್ ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು. ತಲೆಯೆತ್ತಿ ಗಿಳಿಯನ್ನೊಮ್ಮೆ ನೋಡಿದಳು. ಹೊಸ್ತಿಲು ದಾಟಿದಳು.

ಬಾಪುಜಿ ಚೌಕದಲ್ಲಿ, ತೂಗುಮಣೆಯ ಮೇಲೆ. ಎದ್ದುಹೋಗಲಿಲ್ಲ. ಅದು ನನಗೆ ಆಶ್ಚರ್ಯ.

“ಮೋಟಾಭಾಯಿ,” ಎಂದಳು. ದೊಡ್ಡಣ್ಣ. “ಬಾಯಾರಿದೆ.”

ಅವರು ಕಾಲೂರಿ ತೂಗುಮಣೆ ನಿಲ್ಲಿಸಿದರು. ಮುಖವನ್ನು ಗೋಡೆಗೆ ತಿರುಗಿಸಿಕೊಂಡರು.

ನಾನು ತೊಟ್ಟಿಯ ತಾಮ್ರದ ಮುಚ್ಚಳ ಎತ್ತಿದೆ. ಹಗ್ಗ ಇಳಿಬಿಟ್ಟೆ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಅದೇ ತಂಬಿಗೆಗೆ ಸುರಿದು ಫೋಯ್ ಕೈಗೆ ಕೊಟ್ಟೆ. ಅರ್ಧ ಕುಡಿದು ನನಗೆ ಕೊಟ್ಟಳು. ಕುಡಿದೆ. ಸಿಹಿ. ನಿಜವಾಗಿಯೂ ಸಿಹಿ, ಕೊನೆಯಲ್ಲಿ ಒಂಚೂರು ಸುಣ್ಣದ ರುಚಿ. ಇದಕ್ಕಾ ನಾನು ಇಷ್ಟು ವರ್ಷ ಹೆದರಿದ್ದು! ಉರ್ವಿ ಕುಡಿದಳು. ಮೌಲಿಕ್ ಹೊಸ್ತಿಲಾಚೆಯಿಂದ ಕೈ ಚಾಚಿದ, ಅವನಿಗೂ ಕೊಟ್ಟೆ. ಬೀದಿಯಲ್ಲಿ ಒಬ್ಬಳು ಚಪ್ಪಾಳೆ ತಟ್ಟಲು ಹೋದಳು. ಇದು ನಾಟಕ ಅಲ್ಲಮ್ಮ, ಸುಮ್ನಿರು ಎಂದೆ.

ಫೋಯ್ ತಂಬಿಗೆಯನ್ನು ತೊಳೆದು ಅಣ್ಣನ ಪಕ್ಕದಲ್ಲಿ ಇಟ್ಟಳು. ಬರ್ತೀನಿ ಎಂದಳು. ಹೋಗ್ತೀನಿ ಅನ್ನಲಿಲ್ಲ.

ಮಾರ್ಚ್ 11

ಬಾಪುಜಿ ಬೆಳಿಗ್ಗೆ ನೀರು ಸೇದಲಿಲ್ಲ. ತಂಬಿಗೆ ಅವಳಿಟ್ಟಲ್ಲೇ ಇದೆ. ಮಾತ್ರೆಯನ್ನು ಹಾಲಿನಲ್ಲಿ ನುಂಗಿದರು.

ರಸಿಕ್ ಕಾಕಾ ಬಂದು ಬಾಪುಜಿಯ ಕಿವಿಯಲ್ಲಿ ಪಿಸುಗುಟ್ಟಿ ಹೋದರು. ನಾಡಿದ್ದು ತೊಟ್ಟಿ ಬರಿದುಮಾಡಲು ಪಂಪಿನವನು ಬರುತ್ತಾನಂತೆ. ಬಾಪುಜಿ ಹೂಂ ಎಂದರಾ? ತಲೆ ಆಡಿಸಿದ್ದು ಕಂಡಿತು. ಹೌದೋ ಅಲ್ಲವೋ ತಿಳಿಯಲಿಲ್ಲ.

ಮಾರ್ಚ್ 12

ನಲ್ಲಿ ನೀರು ಕೇಳಿದರು. ಕೊಟ್ಟೆ. ಒಂದು ಬಾಯಿ ಹಾಕಿಕೊಂಡು ಮೋರಿಗೆ ಉಗುಳಿದರು. ಗೋಡೆಗೆ ಕೈಕೊಟ್ಟು ನಿಂತರು.  ನನ್ನ ಅಪ್ಪ. ತುಟಿ ಒಣಗಿದೆ.

ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನೇ ಸೇದಿ ಕೊಡುತ್ತಿದ್ದೆ. ಹೇಳಲಿಲ್ಲ. ಆದರೂ ನಾನು ಸೋಲುವುದಿಲ್ಲ. ಇವರು ಸತ್ತರೂ ಈ ನೀರು ಇನ್ನೊಮ್ಮೆ ಬೀದಿಗೆ ಹೋಗಕೂಡದು. ಬರೆದೆ ನೋಡು ಎಂಥ ಮಾತು. ಬರೆದದ್ದು ಇರಲಿ, ಹೊಡೆದುಹಾಕುವುದಿಲ್ಲ.

ಮಾರ್ಚ್ 13, ಬೆಳಿಗ್ಗೆ

ತೊಟ್ಟಿಯ ಮುಚ್ಚಳದ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಕಾಗುವ ಮುಂಚೆಯೇ ಬಂದು ಕೂತೆ. ಹೊಲಿಗೆಯ ಡಬ್ಬಿ, ಸೀರೆ, ಚಾ ಫ್ಲಾಸ್ಕ್ ಎಲ್ಲ ಇಲ್ಲೇ.

ಪಂಪಿನವನು ಬಂದಿದ್ದಾನೆ. ಏಳಿ ಬೆನ್, ಏಳಿ ಅಕ್ಕಾ ಎಂದ. ನನ್ನನ್ನೂ ಸೇರಿಸಿ ಹೀರಿಕೋ ಎಂದೆ. ಈಗ ಜಗಲಿಯಲ್ಲಿ ಬೀಡಿ ಸೇದುತ್ತಿದ್ದಾನೆ. ರಸಿಕ್ ಕಾಕಾ ಪಂಚಾಯಿತಿ ಸೇರಿಸ್ತೀನಿ, ನಿನ್ನ ಹೆಸರಿನಲ್ಲೂ ಸ್ನಾನ ಮಾಡಬೇಕಾಗುತ್ತೆ ಎಂದು ಕೂಗಾಡಿದರು. ಮಾಡಿ ಕಾಕಾ, ದಿನಾ ಮಾಡೋದು ಒಳ್ಳೇದು ಎಂದೆ. ಕೂಗಿ ಸುಸ್ತಾಗಿ ನನ್ನ ಫ್ಲಾಸ್ಕಿನ ಚಾವನ್ನೇ ಕುಡಿದರು. ಯಾವ ನೀರಿನದು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಪುಜಿ ಕೋಣೆಯಿಂದ ಹೊರಗೆ ಬಂದಿಲ್ಲ.

ಅದೇ ದಿನ, ಒಂಬತ್ತೂವರೆ

ಫೋಯ್ ಬಂದಳು! ಗುಂಪಿಲ್ಲ, ಟಿಕೆಟ್ಟಿಲ್ಲ. ಒಂದು ಡಬ್ಬಿ ಥೇಪ್ಲಾ ಹಿಡಿದು, ಪಂಪಿನವನ ಪೈಪು ದಾಟಿಕೊಂಡು, ನೇರ ಒಳಗೆ. ಯಾರು ಹೇಳಿದರು ಎಂದೆ. ಮೌಲಿಕ್ ಫೋನ್ ಮಾಡಿದನಂತೆ. ಸರಿ ಅತ್ತ ಎಂದು ನನ್ನನ್ನು ತಳ್ಳಿ ಮುಚ್ಚಳದ ಅರ್ಧ ಹಿಡಿದಳು. ಇಬ್ಬರಿಗೆ ಸಾಲದು. ನನ್ನ ಒಂದು ತೊಡೆ ಕಲ್ಲಿನ ಅಂಚಿನ ಮೇಲಿದೆ, ಜೋಮು ಹಿಡಿದಿದೆ. ಏಳುವುದಿಲ್ಲ.

ಈಗಷ್ಟೇ ಕೇಳಿದಳು, ನಿನಗೆ ಹೆಸರಿಟ್ಟದ್ದು ಯಾರು ಅಂತ. ಹೇಳಿದೆ. ಮೂಗು ಮುರಿದಳು. ನಾನು ಬೇರೆ ಆರಿಸಿಟ್ಟಿದ್ದೆ ಎಂದಳು. ಬಾ ಕೈಗೆ ದಾರ ಕಟ್ಟಿದ ದಿನವೇ. ಮನೆ ಬಿಟ್ಟಾಗ ಅದೊಂದನ್ನು ಜೊತೆಗೇ ತಗೊಂಡುಹೋದೆ, ಬೇರೆ ಯಾವ ಮಗುವಿಗೂ ಇಡಲಿಲ್ಲ ಎಂದಳು. ನನ್ನ ತಲೆಯನ್ನು ಹಿಡಿದು ಬಾಗಿಸಿ ಕಿವಿಯಲ್ಲಿ ಹೇಳಿದಳು. ಮಗುವಿಗೆ ಹೇಳುವ ಹಾಗೆ, ಮೂರು ಸಲ.

ಇಲ್ಲಿ ಬರೆಯುವುದಿಲ್ಲ. ಕಿವಿಗೆ ಹೇಳಿದ್ದು ಕಿವಿಯಲ್ಲೇ ಇರಲಿ. ಆದರೆ ಅದು ನನ್ನದು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ.

ಕೋಣೆಯ ಚಿಲಕ ತೆಗೆದ ಸದ್ದು. ಬಾಪುಜಿ. ಗೋಡೆ ಹಿಡಿದುಕೊಂಡು ಬರುತ್ತಿದ್ದಾರೆ. ಪಂಪಿನವನು ಬೀಡಿ ಎಸೆದು ಎದ್ದ. ರಸಿಕ್ ಕಾಕಾ ಒಳಗೆ ಇಣುಕುತ್ತಿದ್ದಾರೆ. ಫೋಯ್ ನನ್ನ ಮಣಿಕಟ್ಟು ಹಿಡಿದಿದ್ದಾಳೆ, ಬಿಗಿಯಾಗಿ. ಪೆನ್ನು ಓಡುತ್ತಿಲ್ಲ.

ಎದುರಿಗೆ ನಿಂತರು. ಏಳು ಎಂದರು. ಏಳಲ್ಲ ಎಂದೆ, ತಲೆಯೆತ್ತದೆ. ಬರೆಯುತ್ತಲೇ ಇದ್ದೆ, ಬರೆಯುತ್ತಲೇ ಇದ್ದೇನೆ, ಕಣ್ಣೆತ್ತಿದರೆ ಸೋತುಬಿಡುತ್ತೇನೆ ಅಂತ.

“ಏಳು ಅಂದೆ, ತರು. ಬಾಯಾರಿದೆ.”

ಕೈಯಲ್ಲಿ ತಂಬಿಗೆ. ಚಾಚಿದ್ದು ನನ್ನ ಕಡೆಗಲ್ಲ, ಫೋಯ್ ಕಡೆಗೆ. ಅವಳು ತಂಬಿಗೆ ತೆಗೆದುಕೊಂಡು ಎದ್ದಿದ್ದಾಳೆ, ಮುಚ್ಚಳ ಭಾರ, ಒಂದೇ ಕೈಯಲ್ಲಿ ಎತ್ತಲಾಗುವುದಿಲ್ಲ, ಈ ಪುಸ್ತಕ ಕೆಳಗಿಟ್ಟು ನಾನೂ —